ಕಂಪನಿ ಕಂಠ

...ಅಥವಾ ಅದು ರೇಡಿಯೋ ಇದ್ದಿರಬಹುದು. ಅಕ್ಕ ಹಾಗೇ ಹೇಳುತ್ತಾಳೆ. ಅಕ್ಕನ ಮಾತನ್ನು ತಳ್ಳಿಹಾಕುವುದು ಕಷ್ಟ, ಯಾಕೆಂದರೆ ಅವಳು ನೆನಪುಗಳನ್ನು ಅಡುಗೆಮನೆಯ ಡಬ್ಬಿಗಳ ಹಾಗೆ ಇಟ್ಟುಕೊಂಡವಳು. ಮುಚ್ಚಳ ತೆಗೆದರೆ ಒಳಗೆ ಇರಬೇಕಾದ್ದೇ ಇರುತ್ತದೆ. ನನ್ನ ಹತ್ತಿರ ಇರುವುದು ಇಷ್ಟು: ಅಟ್ಟದ ಏಣಿಯ ನಡುವಿನ ಮೆಟ್ಟಿಲಲ್ಲಿ ಕೂತಿದ್ದೇನೆ, ಕಾಲಿನ ಕೆಳಗೆ ಮರ ಬೆಚ್ಚಗಿದೆ, ಬಚ್ಚಲಿನ ಒಲೆಯಿಂದ ಹೊಗೆ ಬರುತ್ತಿದೆ, ಹೊಗೆಯ ಜೊತೆಗೆ ಒಂದು ಹಾಡು ಬರುತ್ತಿದೆ. ಹಾಡುತ್ತಿರುವುದು ಅವ್ವ. ಅವ್ವ ಅಂತ ಬರೆದ ಕೂಡಲೇ ಕೈ ನಿಲ್ಲುತ್ತದೆ. ಮರ ನಿಜಕ್ಕೂ ಬೆಚ್ಚಗಿತ್ತೇ? ಆ ಏಣಿಗೆ ಬಿಸಿಲು ಬೀಳುತ್ತಲೇ ಇರಲಿಲ್ಲ. ಒಲೆಯ ಹೊಗೆ ಅಂದರೆ ನೀರು ಕಾಯಿಸುವ ಹೊತ್ತು, ಬೆಳಿಗ್ಗೆ. ಆದರೆ ನನ್ನ ನೆನಪಿನಲ್ಲಿ ಅಪ್ಪ ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದಾನೆ, ಅಂದರೆ ಊಟ ಮುಗಿದ ಮಧ್ಯಾಹ್ನ. ಒಂದೇ ಗಳಿಗೆಯಲ್ಲಿ ಬೆಳಿಗ್ಗೆಯನ್ನೂ ಮಧ್ಯಾಹ್ನವನ್ನೂ ತುಂಬಿಕೊಂಡಿರುವ ನೆನಪನ್ನು ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ. ಆದರೂ ಬಿಡಲಾಗುತ್ತಿಲ್ಲ.

ಬಿಡಲಾಗದ್ದಕ್ಕೆ ಕಾರಣ ಇದೆ. ಅವ್ವ ಹೋಗಿ ಎರಡು ವರ್ಷವಾಯಿತು. ಅವಳ ಮುಖ ನನಗೆ ಬೇಕಾದಷ್ಟಿದೆ, ಫೋಟೋಗಳಲ್ಲಿ, ಯಾರದೋ ಮದುವೆಯ ವೀಡಿಯೋಗಳಲ್ಲಿ, ಅಕ್ಕನ ಗದ್ದದಲ್ಲಿ. ಮಾತೂ ಇದೆ. ನನ್ನ ಫೋನಿನಲ್ಲಿ ಅವಳು ಊಟ ಆಯ್ತಾ ಅನ್ನುತ್ತಾಳೆ, ಔಷಧಿ ತಗೊಂಡೆ ಅನ್ನುತ್ತಾಳೆ. ಇಲ್ಲದಿರುವುದು ಹಾಡು. ಬಾಲ್ಯವಿಡೀ ಅವಳ ಹಾಡು ಕೇಳಿಕೊಂಡೇ ಬೆಳೆದವಳು ನಾನು, ಆದರೆ ಅದರಲ್ಲಿ ಒಂದೂ ಅವಳ ಕಂಠದ್ದಲ್ಲ. ಅವಳು ಹಾಡುತ್ತಿದ್ದುದೆಲ್ಲ ಊರೂರು ತಿರುಗುವ ನಾಟಕ ಕಂಪನಿಗಳ ಹೆಂಗಸರ ಕಂಠದಲ್ಲಿ. ಏಣಿಯ ಮೇಲೆ ಕೂತಿದ್ದ ಆ ಹೊತ್ತು ಮಾತ್ರ, ಒಂದೇ ಒಂದು ಸಲ, ಅವ್ವ ತನ್ನ ಕಂಠದಲ್ಲಿ ಹಾಡಿದಳು ಅಂತ ನಾನು ಅಂದುಕೊಂಡಿದ್ದೇನೆ. ಅದು ರೇಡಿಯೋ ಆಗಿದ್ದರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ಅಗಲ ಒಂದು ಅಂಗಡಿಯಷ್ಟೇ, ಉದ್ದ ಮಾತ್ರ ಮುಗಿಯುತ್ತಿರಲಿಲ್ಲ. ಬೀದಿಗೆ ಅಂಟಿಕೊಂಡಂತೆ ಅಪ್ಪನ ಅಂಗಡಿ. ದರ್ಜಿಗಳಿಗೆ ಬೇಕಾದ ಗುಂಡಿ, ದಾರ, ಹುಕ್ಕು, ಜರಿ ಲೇಸು, ಚಮಕಿ. ಅಂಗಡಿಯ ಹಿಂದೆ ನಡುಮನೆ, ಅದರ ಹಿಂದೆ ಹಗಲಲ್ಲೂ ದೀಪ ಹಾಕಬೇಕಾದ ಕೋಣೆ, ಆಮೇಲೆ ಅಡುಗೆಮನೆ, ಕೊನೆಗೆ ಚೂರು ಆಕಾಶ ಕಾಣುವ ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ಬಚ್ಚಲು. ಮುಂದೆ ನಿಂತವರು ಕೂಗಿದ್ದು ಹಿಂದೆ ಇದ್ದವರಿಗೆ ತಲುಪುವಷ್ಟರಲ್ಲಿ ಅರ್ಧ ಗೋಡೆಗೆ ಹೋಗುತ್ತಿತ್ತು. ಚಮಕಿ ಮಾತ್ರ ಎಲ್ಲ ಕಡೆ ತಲುಪುತ್ತಿತ್ತು. ಅಕ್ಕಿಯಲ್ಲಿ, ದಿಂಬಿನ ಮೇಲೆ, ಅವ್ವನ ಹುಬ್ಬಿನಲ್ಲಿ. ಅಪ್ಪ ಪೂಜೆಗೆ ಕೂತು ಹಣೆಗೆ ವಿಭೂತಿ ಎಳೆದುಕೊಂಡರೆ ಆ ಮೂರು ಗೆರೆಗಳ ನಡುವೆ ಎಲ್ಲೋ ಒಂದು ಕಡೆ ಹಸಿರೋ ಕೆಂಪೋ ಮಿನುಗುತ್ತಿತ್ತು. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ ಮನುಷ್ಯನ ಹಣೆಯಲ್ಲಿ ರಾಜನ ಪೋಷಾಕಿನ ಚೂರು. ಇದನ್ನು ನಾನು ನಿಜಕ್ಕೂ ಕಂಡಿದ್ದೆನೋ, ಅಪ್ಪನನ್ನು ಹೀಗೆ ವರ್ಣಿಸಿದರೆ ಚೆನ್ನ ಅಂತ ಆಮೇಲೆ ಯಾವತ್ತೋ ಹೊಳೆದದ್ದೋ, ಈಗ ಬೇರೆ ಮಾಡಲಾರೆ.

ಕಂಪನಿ ಊರಿಗೆ ಬಂತು ಅನ್ನುವುದು ನಮಗೆ ಮೈಕಿನವನಿಗಿಂತ ಮೊದಲು ಅಂಗಡಿಯಿಂದ ಗೊತ್ತಾಗುತ್ತಿತ್ತು. ಬಸ್ ಸ್ಟ್ಯಾಂಡಿನ ಆಚೆಯ ಮೈದಾನದಲ್ಲಿ ತಗಡಿನ ಥಿಯೇಟರು ಏಳುವ ಮುಂಚೆಯೇ ಕಂಪನಿಯ ದರ್ಜಿ ಲೇಸು ಕೇಳಿಕೊಂಡು ಬರುತ್ತಿದ್ದ. ರಾಜರ ಅಂಗಿಗಳ ಅಂಚು ಊರಿಂದೂರಿಗೆ ಸವೆದು ಹೋಗಿರುತ್ತಿತ್ತು. ಅಪ್ಪ ಲೇಸನ್ನು ಕೈಯಳತೆಗಿಂತ ಉದಾರವಾಗಿ ಕತ್ತರಿಸಿ ಕೊಡುತ್ತಿದ್ದ. ಬದಲಿಗೆ ಪಾಸು. ಊರಲ್ಲಿ ಕಂಪನಿಯ ಕ್ಯಾಂಪು ಮುಗಿಯುವವರೆಗೆ ನಮ್ಮ ನಾಲ್ವರಿಗೂ ಮುಂದಿನಿಂದ ಮೂರನೆಯ ಸಾಲು. ಅಪ್ಪನ ಅಭಿಮಾನ ಎಂಥದ್ದೆಂದರೆ ಅದೇ ನಾಟಕವನ್ನು ಮತ್ತೆ ಮತ್ತೆ ನೋಡಿ, ಪ್ರತಿ ಸಲವೂ ಬೇರೆ ಬೇರೆ ಕಾರಣಕ್ಕೆ ಬೇಜಾರಾಗಿ ಬರುತ್ತಿದ್ದ. ಮಾತು ಸೋತ ಮೇಲೆ ಹಾಡು ಬರಬೇಕು, ಮಾತು ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಹಾಡು ನುಗ್ಗಿದರೆ ಅದು ಊಟದ ಮಧ್ಯೆ ಬಂದ ನೆಂಟ ಅನ್ನುತ್ತಿದ್ದ. ಕಾಡಿನ ಪರದೆಯನ್ನೇ ತೋಟಕ್ಕೂ ಬಿಟ್ಟರೆ ಸಹಿಸುತ್ತಿದ್ದ. ಅರಮನೆಯ ಪರದೆಯ ಮುಂದೆ ಬಡವನ ಹೆಂಡತಿಯನ್ನು ನಿಲ್ಲಿಸಿದರೆ ಎರಡು ದಿನ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತಿದ್ದ. ಹಾಡುವಾಗ ದುಡ್ಡಿದ್ದವರ ಸೋಫಾ ಸಾಲಿನ ಕಡೆ ನೋಡುವ ನಾಯಕ ಅವನ ಪಾಲಿಗೆ ಬಟ್ಟೆ ಮಾರುವವನು. ರಂಗದ ಮೇಲೆ ಮೈಕು ಇಳಿಬಿಟ್ಟ ವರ್ಷ ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು.

ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು ಒನ್ಸ್ ಮೋರ್ ವಿಷಯ. ಆಗ ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಅಂತ ಕೂಗುತ್ತಿದ್ದರು. ಕೂಗಿದರೆ ನಟರು ಇನ್ನೊಮ್ಮೆ ಹಾಡಲೇಬೇಕು. ಸತ್ತು ಬಿದ್ದಿದ್ದವರೂ ಸೀರೆ ಸರಿಮಾಡಿಕೊಂಡು ಎದ್ದು ಹಾಡಿ ಮತ್ತೆ ಸಾಯುತ್ತಿದ್ದರು. ಸಂತೋಷದ ಹಾಡಿಗೆ ಕೇಳಲಿ, ಹಾಸ್ಯದ ಹಾಡಿಗೆ ಕೇಳಲಿ, ಅಪ್ಪನೂ ಕೂಗುತ್ತಿದ್ದ. ದುಃಖದ ಹಾಡಿಗೆ ಕೇಳುವುದು ಮಾತ್ರ ಅವನ ಪ್ರಕಾರ ಪಾಪ. ಒಂದು ಭಾನುವಾರದ ಮಧ್ಯಾಹ್ನದ ಆಟದಲ್ಲಿ ಗುಣವತಿ ಅನ್ನುವ ನಾಯಕಿ, ಮಗನನ್ನು ಕಳೆದುಕೊಂಡ ತಾಯಿಯ ಹಾಡು ಮುಗಿಸಿ ಹೊಸ್ತಿಲ ಮೇಲೆ ಒರಗಿದ್ದಳು. ಹಿಂದಿನಿಂದ ಒಬ್ಬ ಕೂಗಿದ. ಅಪ್ಪ ಎದ್ದು ನಿಂತು ತಿರುಗಿದ.

"ಏನ್ರೀ, ಮನುಷ್ಯರೇನ್ರೀ ನೀವು? ಅಳ್ತಾ ಇರೋಳ್ನ ಇನ್ನೊಂದ್ಸಲ ಅಳು ಅಂತೀರಲ್ಲ!"

"ನಾವು ಟಿಕೇಟ್ ತಗೊಂಡು ಬಂದಿದ್ದೀವಿ ಸ್ವಾಮಿ. ನಿಮ್ದು ಪಾಸು, ಸುಮ್ನೆ ಕೂತ್ಕಳಿ."

"ಪಾಸಾದ್ರೇನು? ಆಯಮ್ಮನ ಸೀರೆ ಅಂಚು ನಮ್ಮಂಗಡೀದು ಕಣ್ರೀ!"

ಜನ ನಕ್ಕರು. ಅವ್ವ ಅಪ್ಪನ ಜುಬ್ಬಾ ಹಿಡಿದು ಕೂರಿಸಿದಳು. ಗುಣವತಿ ಎದ್ದು ಮತ್ತೆ ಹಾಡಿದಳು. ಅಪ್ಪ ಎರಡನೆಯ ಸಲದ ಹಾಡು ಮುಗಿಯುವವರೆಗೆ ಕಿವಿಗೆ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದ. ಈ ಜಗಳದ ಬಗ್ಗೆ ಅಕ್ಕನಿಗೂ ನನಗೂ ತಕರಾರಿಲ್ಲ. ಇಬ್ಬರ ನೆನಪೂ ಒಂದೇ. ಆದ್ದರಿಂದಲೇ ನನಗೆ ಅನುಮಾನ, ಯಾಕೆಂದರೆ ಇದನ್ನು ಅಪ್ಪ ಅದೆಷ್ಟು ಸಲ ಹೇಳಿದ್ದಾನೆಂದರೆ ನಮಗೆ ನೆನಪಿರುವುದು ಅವನು ಹೇಳಿದ್ದೇ ಇರಬೇಕು.

ಆಟದ ಮರುದಿನ ಬೆಳಿಗ್ಗೆ, ಅಂಗಡಿ ತೆಗೆಯುವ ಮೊದಲು, ನಮ್ಮ ಮನೆಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಬೇರೆ ಯಾವ ಮನೆಯಲ್ಲೂ ನಾನು ಅದನ್ನು ಕಂಡಿಲ್ಲ. ಅಪ್ಪ ಅದಕ್ಕೆ ನಾಟಕ ಮನೆಗೆ ತರೋದು ಅನ್ನುತ್ತಿದ್ದ. ಪೂಜೆಯಾಗಿ, ಉಪ್ಪಿಟ್ಟಿನ ತಟ್ಟೆಗಳು ಬಂದ ಮೇಲೆ, ಸಂತೆಯಿಂದ ಬಂದವರ ಚೀಲ ಬಿಚ್ಚಿಸುವ ಹಾಗೆ, ಏನೇನು ತಂದಿದ್ದೀರಿ ಇಡಿ ಅನ್ನುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಪಾಲು. ಅಕ್ಕ ಉಡುಪು ತರಬೇಕು, ಯಾರು ಯಾವ ದೃಶ್ಯದಲ್ಲಿ ಏನು ಉಟ್ಟಿದ್ದರು, ಲೇಸು ಎಲ್ಲಿ ಕಿತ್ತಿತ್ತು ಅಂತ. ನನಗೆ ಪರದೆಗಳು, ಮತ್ತೆ ಯಾರು ಯಾವ ಕಡೆಯಿಂದ ಬಂದು ಯಾವ ಕಡೆ ಹೋದರು ಅನ್ನುವುದು. ಮಾತು ಮತ್ತು ತೀರ್ಪು ಅಪ್ಪನವು. ಹಾಡು ಅವ್ವನದು. ಅಪ್ಪನಿಗೆ ಕಿವಿ ಇತ್ತು, ಕಂಠ ಇರಲಿಲ್ಲ. ಒಂದು ಸಾಲು ಹಾಡಲು ಹೋದರೂ ಅದು ಗಿರಾಕಿಯನ್ನು ಕರೆದ ಹಾಗೆ ಕೇಳುತ್ತಿತ್ತು. ಅವ್ವ ಸಂಗೀತ ಕಲಿತವಳಲ್ಲ. ಒಂದು ಸಲ ಕೇಳಿದರೆ ಹಿಡಿದುಬಿಡುತ್ತಿದ್ದಳು. ಹಿಡಿಯುತ್ತಿದ್ದುದು ಬರೀ ಧಾಟಿಯನ್ನಲ್ಲ, ಹಾಡಿದವಳನ್ನೇ. ನಡುಮನೆಯ ಬಾಗಿಲಿಗೆ ಒರಗಿ, ಒಲೆಯ ಕಡೆ ಒಂದು ಕಣ್ಣಿಟ್ಟು, ಅವ್ವ ಬಾಯಿ ತೆರೆದರೆ ಗುಣವತಿ ಬರುತ್ತಿದ್ದಳು. ಆ ಚೂರು ಮೂಗುದನಿ, ಮೇಲಕ್ಕೆ ಹೋಗುವ ಮುನ್ನ ಉಗುಳು ನುಂಗುವ ಆ ಅಳುಕು, ತುದಿಯಲ್ಲಿ ಒಡೆಯುವುದು, ಎಲ್ಲ.

"ಬಂದ್ಬುಟ್ಲು ನೋಡು," ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. "ಬಂದ್ಬುಟ್ಲು ಮನೇಗೆ."

ಆದರೆ ಕೆಲವು ಸಲ, ಹಾಡಿನ ನಡುವೆ ಎಲ್ಲೋ ಅವ್ವ ಜಾರುತ್ತಿದ್ದಳು. ಒಂದು ಅಕ್ಷರ, ಅರ್ಧ ಅಕ್ಷರ, ಗುಣವತಿಯಲ್ಲದ್ದು ನುಸುಳುತ್ತಿತ್ತು. ಅಪ್ಪನ ಕಣ್ಣು ತಟ್ಟನೆ ತೆರೆಯುತ್ತಿತ್ತು, ಅನ್ನದಲ್ಲಿ ಕಲ್ಲು ಸಿಕ್ಕವನ ಹಾಗೆ.

"ಲೇ ಇವಳೇ, ಈಗ ಬಂದಿದ್ದು ನಿನ್ನ ಕಂಠ. ತೆಗಿ ಅದನ್ನ. ಕಂಪನಿ ಕಂಠ ಹಾಕು."

ಅವ್ವ ತೆಗೆಯುತ್ತಿದ್ದಳು. ಸಿಟ್ಟು ಮಾಡಿಕೊಂಡದ್ದು ನಾನು ನೋಡಿಲ್ಲ. ಅಪ್ಪನಿಗೂ ಅದರಲ್ಲಿ ಕೆಟ್ಟತನ ಇರಲಿಲ್ಲ. ನಿಖರತೆ ಅಂದರೆ ಅವನಿಗೆ ಭಕ್ತಿ. ಬಟ್ಟೆಗೆ ತಕ್ಕ ಗುಂಡಿ ಹುಡುಕಿ ಕೊಡುವುದೇ ಬದುಕಾದವನು, ಹಾಡಿಗೂ ಅದನ್ನೇ ಮಾಡಿದ. ಪಕ್ಕದ ಅಂಗಡಿಯವರನ್ನು ಕರೆದು ಕೂರಿಸಿ ಕೇಳಿಸುತ್ತಿದ್ದ. ಅವರು ತಲೆದೂಗಿದರೆ, ನೋಡಿ ನಮ್ಮನೆಯವಳು ಅಂತ ಹೆಮ್ಮೆಪಡುತ್ತಿದ್ದ. ಅದು ಹೆಮ್ಮೆಯೇ. ಅದನ್ನೀಗ ದಬ್ಬಾಳಿಕೆ ಅಂತ ಕರೆದು ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಮಾಡಲು ಆಗದಿರುವುದೇ ನನ್ನ ಕಷ್ಟ.

ನನಗೆ ಗೊತ್ತಿರುವಂತೆ ಇಡೀ ಬದುಕಿನಲ್ಲಿ ನಾಟಕದ ಬಗ್ಗೆ ಅವ್ವ ಹೇಳಿದ ಅಭಿಪ್ರಾಯ ಒಂದೇ. ಅದು ಗುಣವತಿಯ ಆ ತಾಯಿಯ ಹಾಡಿನ ಬಗ್ಗೆ. ಹಾಡಿನಲ್ಲಿ ಒಂದು ಸಾಲು ಹೀಗಿತ್ತು: ಬಾಗಿಲ ತೆರೆದೇ ಮಲಗುವೆ ಮಗುವೇ, ದೀಪವು ಆರಿದರೂ. ಗುಣವತಿ 'ಮಲಗುವೆ' ಆದ ಮೇಲೆ ಒಂದು ಉಸಿರು ತೆಗೆದುಕೊಂಡು, ಆಮೇಲೆ 'ಮಗುವೇ' ಅನ್ನುತ್ತಿದ್ದಳು. ಅಪ್ಪ ಆ ಉಸಿರಿಗೆ ಮರುಳಾಗಿದ್ದ. ದುಃಖ ಉಕ್ಕಿ ಬರುವಾಗ ದನಿ ನಿಲ್ಲುತ್ತದಲ್ಲ, ಅದನ್ನು ಹೇಗೆ ತಂದಿದ್ದಾಳೆ ನೋಡು ಅನ್ನುತ್ತಿದ್ದ. ಅಂಗಡಿಗೆ ಬಂದ ದರ್ಜಿಗಳಿಗೂ ಆ ಉಸಿರಿನ ಬಗ್ಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅವ್ವ ಅದನ್ನು ತೆಗೆದುಕೊಳ್ಳದೆ ದಾಟಿಬಿಟ್ಟಳು. ಅಪ್ಪ ಕೈ ಎತ್ತಿದ.

"ಉಸಿರೆಲ್ಲಿ ಹೋಯ್ತು?"

"ಅಲ್ಲಿ ಬ್ಯಾಡ ಅನ್ಸುತ್ತೆ."

"ಬ್ಯಾಡ ಅನ್ನಕ್ಕೆ ನೀನ್ಯಾರೇ? ಅಷ್ಟು ದೊಡ್ಡ ಕಲಾವಿದೆ ತಗೋತಾಳೆ."

"ಮಗೂನ ಕೂಗೋ ಮುಂಚೆ ಯಾರಾದ್ರೂ ನಿಂತ್ಕೊಂಡು ಉಸಿರು ತಗೋತಾರೇನ್ರೀ? ಮಗು ಅದೇ ಒಂದು ಉಸಿರಲ್ಲೇ ಇರುತ್ತೆ."

ಉಪ್ಪಿಟ್ಟು ಆರಿತು. ಆಮೇಲೆ ಅಪ್ಪ, ಪಾಠ ತಪ್ಪಿದ ಮಕ್ಕಳಿಗೆ ಹೇಳುವಷ್ಟು ಮೆತ್ತಗೆ, ಉಸಿರು ತಗೊಂಡು ಹೇಳು ಅಂದ. ಅವ್ವ ಉಸಿರು ತೆಗೆದುಕೊಂಡು ಹಾಡಿದಳು. ಆಮೇಲೆ ಒಂದು ಸಲವೂ ತಪ್ಪಿಸಲಿಲ್ಲ.

ಕ್ಯಾಂಪು ಮುಗಿಯುವ ಮುನ್ನ ಅಪ್ಪ ಗುಣವತಿಯನ್ನು ಮನೆಗೆ ಊಟಕ್ಕೆ ಕರೆದ. ಕಂಪನಿಯ ದರ್ಜಿಯ ಜೊತೆಗೆ ಜಟಕಾದಲ್ಲಿ ಬಂದಳು. ಅಷ್ಟು ಗಿಡ್ಡ ಹೆಂಗಸು ರಂಗದ ಮೇಲೆ ಅಷ್ಟು ಎತ್ತರ ಕಾಣುತ್ತಿದ್ದುದು ಹೇಗೆ ಅಂತ ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಕೆಂಪು ಬಾಯಿ, ನಿದ್ದೆಗೆಟ್ಟ ಕಣ್ಣು, ಉತ್ತರದ ಕಡೆಯ ಮಾತು. ಅವ್ವ ಬೆಳಿಗ್ಗೆಯಿಂದ ಒಬ್ಬಟ್ಟು ತಟ್ಟಿದ್ದಳು, ಅವರೆಕಾಳಿನ ಸಾರು ಮಾಡಿದ್ದಳು, ಬೆಂಡೆಕಾಯಿ ಪಲ್ಯ ಇತ್ತು ಅನ್ನಿಸುತ್ತದೆ. ಅವರೆ ಮತ್ತು ಬೆಂಡೆ ಒಂದೇ ಕಾಲದ್ದಲ್ಲ ಅಂತ ಅಕ್ಕ ಹೇಳುತ್ತಾಳೆ. ಗುಣವತಿ ಎರಡನೆಯ ಒಬ್ಬಟ್ಟಿಗೆ ಕೈ ಹಾಕಿದಾಗ ಅಪ್ಪನಿಗೆ ತಡೆಯಲಾಗಲಿಲ್ಲ. ಬಡಿಸುತ್ತಿದ್ದ ಅವ್ವನನ್ನು ನಿಲ್ಲಿಸಿ, ಹೇಳು, ತಾಯಿಯ ಹಾಡು ಹೇಳು ಅಂದ. ಅವ್ವ ಕೈಯಲ್ಲಿ ತುಪ್ಪದ ಗಿಂಡಿ ಹಿಡಿದೇ ಹಾಡಿದಳು. ಗುಣವತಿಯ ಎದುರು ಗುಣವತಿ. ಆ ಉಸಿರೂ ಸರಿಯಾದ ಜಾಗದಲ್ಲಿ ಬಂತು. ಊಟ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. ಹೆದರಿದವಳ ಹಾಗೆ ಕಂಡಳು ಅಂತ ಬರೆಯಬೇಕು ಅನ್ನಿಸುತ್ತದೆ.

"ಏನ್ ಛಂದ ಹಾಡ್ತೀರಿ ಅಕ್ಕಾರ," ಅಂದಳು. "ಆದ್ರ ಇದು ನಂದೈತಿ. ನಿಮ್ದೊಂದು ಹಾಡ್ರಿ."

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಗಟ್ಟಿಯಾಗಿ ನಕ್ಕ.

"ಅವಳ್ದು ಅಂತ ಏನಿದೆ ಬುಡಿ ತಾಯಿ! ಟೇಪ್ ರಿಕಾರ್ಡರ್ ಇದ್ದಂಗೆ ಇವಳು. ಹಾಕಿದ್ದು ಬರುತ್ತೆ."

ದರ್ಜಿ ನಕ್ಕ, ಅಕ್ಕ ನಕ್ಕಳು, ನಾನೂ ನಕ್ಕಿರಬೇಕು. ಅವ್ವನೂ ನಕ್ಕಳು. ನಗುತ್ತಲೇ ಗುಣವತಿಯ ಎಲೆಗೆ ತುಪ್ಪ ಹಾಕಿ ಒಳಗೆ ಹೋದಳು. ಹೊರಡುವ ಹೊತ್ತಿಗೆ ಅಪ್ಪ ಜಟಕಾ ತರಲು ಬೀದಿಗೆ ಇಳಿದಿದ್ದ. ಅವ್ವ ಎಲೆ ಅಡಿಕೆ ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತಿದ್ದಳು, ನಾನು ಅವಳ ಸೆರಗಿನಲ್ಲಿದ್ದೆ. ಗುಣವತಿ ದನಿ ತಗ್ಗಿಸಿ ಹೇಳಿದಳು:

"ಅಕ್ಕಾರ, ಆ ಉಸಿರು ನೀವ್ಯಾಕ ತಗೋತೀರಿ? ನಂದು ಗಂಟಲ ಕೆಟ್ಟೈತಿ, ಒಂದ ದಮ್ಮಿನಾಗ ಆಗಂಗಿಲ್ಲ, ಅದಕ್ಕ ತಗೋತೀನಿ. ಮೊದಲ ತಗೋತಿದ್ದಿಲ್ಲ."

ಅವ್ವ ಏನು ಹೇಳಿದಳು ಅನ್ನುವುದು ನನ್ನ ನೆನಪಿನಲ್ಲಿ ಇಲ್ಲ. ಒಬ್ಬ ದಣಿದ ಹೆಂಗಸಿನ ಕೆಟ್ಟ ಗಂಟಲನ್ನು ನಮ್ಮ ಮನೆಯಲ್ಲಿ ಕಲೆಯೆಂದು ಪೂಜಿಸಿ, ಚೆನ್ನಾಗಿದ್ದ ಒಂದು ಗಂಟಲನ್ನು ಅದಕ್ಕೆ ಸರಿಯಾಗಿ ಕೆಡಿಸಲಾಗಿತ್ತು. ಅಪ್ಪನಿಗೆ ಇದನ್ನು ಅವ್ವ ಹೇಳಿದಳೇ? ನಾನು ಹೇಳಲಿಲ್ಲ, ಆ ವಯಸ್ಸಿನಲ್ಲಿ ಅದು ಹೇಳುವಂಥ ವಿಷಯ ಅಂತ ಗೊತ್ತಿರಲಿಲ್ಲ.

ಏಣಿಯ ಮೇಲಿನ ಹಾಡು ಕಂಪನಿ ಹೋದ ಮೇಲಿನದು. ಮೈದಾನದಲ್ಲಿ ಗಳ ನೆಟ್ಟ ಗುಂಡಿಗಳು ಮಾತ್ರ ಉಳಿದಿದ್ದವು, ಅಪ್ಪ ಮಂಕಾಗಿದ್ದ, ತರಲು ನಾಟಕವಿಲ್ಲದ ಬೆಳಗುಗಳಲ್ಲಿ ನಾವೆಲ್ಲ ಬೇಗ ಬೇಗ ತಿಂದು ಏಳುತ್ತಿದ್ದೆವು. ನಾನು ಅಟ್ಟಕ್ಕೆ ಹೋಗುತ್ತಿದ್ದೆ ಅಥವಾ ಇಳಿಯುತ್ತಿದ್ದೆ. ಬಚ್ಚಲಿನಿಂದ ತಾಯಿಯ ಹಾಡು ಬಂತು. ಮೂಗುದನಿ ಇರಲಿಲ್ಲ. ಅಳುಕು ಇರಲಿಲ್ಲ. ಕೆಳದನಿ, ಸ್ವಲ್ಪ ಒರಟು, ನೀರಿನ ಹಂಡೆಯೊಳಗಿಂದ ಬಂದ ಹಾಗೆ. 'ಬಾಗಿಲ ತೆರೆದೇ ಮಲಗುವೆ ಮಗುವೇ', ಒಂದೇ ಉಸಿರು. ನಡುವೆ ನಿಲ್ಲಲಿಲ್ಲ. ನನ್ನ ಮೈ ಜುಮ್ಮೆಂದದ್ದು ಅದು ಚೆನ್ನಾಗಿದ್ದುದಕ್ಕಲ್ಲ. ಗೊತ್ತಿಲ್ಲದ ಹೆಂಗಸೊಬ್ಬಳು ನಮ್ಮ ಬಚ್ಚಲಿನಲ್ಲಿದ್ದಾಳೆ ಅನ್ನಿಸಿದ್ದಕ್ಕೆ. ಹಾಡು ಮುಗಿಯಿತು. ಆಗ ನಡುಮನೆಯಿಂದ ಅಪ್ಪನ ದನಿ:

"ಒನ್ಸ್ ಮೋರ್!"

ದುಃಖದ ಹಾಡಿಗೆ. ಅಪ್ಪ. ಒಳಗೆ ಚೊಂಬು ಕಲ್ಲಿನ ಮೇಲೆ ಇಟ್ಟ ಶಬ್ದವಾಯಿತು. ಆಮೇಲೆ ಹಾಡು ಮತ್ತೆ ಶುರುವಾಯಿತು, ಮೂಗುದನಿಯಲ್ಲಿ, ಅಳುಕಿನ ಜೊತೆ, 'ಮಲಗುವೆ' ಆದ ಮೇಲೆ ಆ ಉಸಿರಿನ ಜೊತೆ. ಗುಣವತಿ ವಾಪಸ್ಸು ಬಂದಿದ್ದಳು.

ಇಲ್ಲಿ ಒಂದು ವಿಷಯ ಹೇಳಬೇಕು, ಹೇಳಿದರೆ ಎಲ್ಲ ಅಚ್ಚುಕಟ್ಟಾಗಿಬಿಡುತ್ತದೆ ಅನ್ನುವ ಭಯದಿಂದ ಇಲ್ಲಿಯವರೆಗೆ ಹೇಳಿಲ್ಲ. ಅಕ್ಕನಿಗೂ ನನಗೂ ನಡುವೆ ಒಂದು ಗಂಡುಮಗು ಹುಟ್ಟಿ ಕೆಲವು ತಿಂಗಳು ಇದ್ದು ಹೋಗಿತ್ತು. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಹೆಸರೂ ನನಗೆ ಗೊತ್ತಿಲ್ಲ. ಆ ಮಗುವನ್ನು ತಂದು ಈ ಹಾಡಿನ ಪಕ್ಕದಲ್ಲಿ ಮಲಗಿಸಿದರೆ ಅವ್ವ ಯಾಕೆ ಹಾಡಿದಳು, ದುಃಖದ ಹಾಡಿಗೆ ಒನ್ಸ್ ಮೋರ್ ಅಂದರೆ ಅಪ್ಪ ಯಾಕೆ ಉರಿಯುತ್ತಿದ್ದ, ಎಲ್ಲಕ್ಕೂ ಉತ್ತರ ಸಿಗುತ್ತದೆ. ಅಷ್ಟು ಸುಲಭವಾಗಿ ಸಿಗುವ ಉತ್ತರ ನನಗೆ ಬೇಡ. ಅವ್ವ ಆ ಮಗುವಿಗಾಗಿ ಅತ್ತದ್ದನ್ನು ನಾನು ಕಂಡಿಲ್ಲ. ಅವಳಿಗೆ ಸುಮ್ಮನೆ ಹಾಡಬೇಕು ಅನ್ನಿಸಿರಬಹುದು. ಹೆಂಗಸರಿಗೆ ಸುಮ್ಮನೆಯೂ ಹಾಡಬೇಕು ಅನ್ನಿಸುತ್ತದೆ. ಮತ್ತೆ ಅಪ್ಪ ಯಾಕೆ ಕೂಗಿದ? ಅವ್ವನ ಕಂಠ ಹಿಡಿಸಿತೇ? ಹಿಡಿಸಿದ್ದನ್ನು ಹೇಳಲು ಅವನಿಗೆ ಬೇರೆ ಮಾತು ಬರುತ್ತಿರಲಿಲ್ಲವೇ? ಹಾಗಾದರೆ ಅವನು ಕೇಳಿದ್ದೇ ಬೇರೆ, ಬಂದದ್ದೇ ಬೇರೆ. ಅವನು ಹಾಡಿದವಳನ್ನು ಕರೆದ, ಬಂದವಳು ಗುಣವತಿ. ಅವ್ವ ಹಾಗೆ ಮಾಡಿದ್ದು ಹೆದರಿಕೆಯಿಂದಲೋ, ರೂಢಿಯಿಂದಲೋ, ಅಥವಾ ಇದನ್ನಾದರೂ ನಿಮಗೆ ಕೊಡುವುದಿಲ್ಲ ಅನ್ನುವ ಹಟದಿಂದಲೋ.

ಈಗ ಅಕ್ಕ ವಿಜಯನಗರದಲ್ಲಿದ್ದಾಳೆ, ನಾನು ಕುಂಬಾರಕೊಪ್ಪಲಿನಲ್ಲಿ. ಊರಿಗೆ ಬರುವ ಹಾಡಿನ ನಾಟಕಗಳಿಗೆಲ್ಲ ನಾನು ಇವತ್ತಿಗೂ ಹೋಗುತ್ತೇನೆ, ಅಕ್ಕನನ್ನು ಎಳೆದುಕೊಂಡು. ಅಪ್ಪನ ಅಭಿಪ್ರಾಯಗಳು ನನ್ನ ಬಾಯಿಂದ ಬರುತ್ತವೆ, ಅವನ ಧಾಟಿಯಲ್ಲೇ, ತಡೆಯಲಾಗುವುದಿಲ್ಲ. ಮೊನ್ನೆ ಎಲ್ಲಿಂದಲೋ ಬಂದ ದೊಡ್ಡ ತಂಡದ ಆಟ. ಕೆನ್ನೆಗೆ ಅಂಟಿಸಿದ ಮೈಕು, ಪರದೆಯ ಬದಲು ಬೆಳಕಿನ ಚಿತ್ರ, ಹಾಡುಗಳೆಲ್ಲ ಮೊದಲೇ ಮುದ್ರಿಸಿದ ಟ್ರ್ಯಾಕು. ಹುಡುಗಿ ಚೆನ್ನಾಗಿ ತುಟಿ ಆಡಿಸಿದಳು. ಹಾಡು ಮುಗಿದಾಗ ಮುಂದಿನ ಸಾಲಿನ ಮುದುಕರೊಬ್ಬರು, ಹಳೆಯ ಅಭ್ಯಾಸವಿರಬೇಕು, ಒನ್ಸ್ ಮೋರ್ ಅಂದರು. ಜನ ನಕ್ಕರು. ಸೌಂಡಿನವನಿಗೂ ತಮಾಷೆ ಅನ್ನಿಸಿತೇನೋ, ಹಿಂದಕ್ಕೆ ಹೋಗಿ ಅದೇ ಹಾಡನ್ನು ಮತ್ತೆ ಹಾಕಿದ. ಒಳಗೆ ಹೋಗಿದ್ದ ಹುಡುಗಿ ಓಡಿ ಬಂದು ನಿಂತಳು. ಹಾಡು ಕೂದಲೆಳೆ ಬದಲಾಗದೆ ಮತ್ತೆ ಬಂತು, ಪ್ರತಿ ಉಸಿರೂ ಅದೇ ಜಾಗದಲ್ಲಿ. ಅಪ್ಪ ಜೀವನವಿಡೀ ಬಯಸಿದ್ದು ಇದೇ ಇರಬೇಕು. ನನಗೆ ಅಲ್ಲಿ ಕೂರಲಾಗಲಿಲ್ಲ.

ಅಕ್ಕನ ಮನೆಯಲ್ಲಿ ಅವಳು ಕಾಫಿ ಬೆರೆಸುತ್ತಿರುವಾಗ ಏಣಿಯ ಕಥೆ ಮತ್ತೆ ಎತ್ತಿದೆ.

"ಪುಟ್ಟೀ, ಅದು ರೇಡಿಯೋ ಕಣೇ. ಎಷ್ಟು ಸಲ ಹೇಳ್ಲಿ."

"ಗುಣವತಿ ಹಾಡು ರೇಡಿಯೋದಲ್ಲಿ ಎಲ್ಲಿ ಬರ್ತಿತ್ತು?"

"ಯಾವುದೋ ತಾಯಿ ಹಾಡು. ಎಲ್ಲಾ ತಾಯಿ ಹಾಡೂ ಒಂದೇ ಥರ ಇರ್ತವೆ. ಅಪ್ಪ ರೇಡಿಯೋಗೆ ಒನ್ಸ್ ಮೋರ್ ಅಂತಿರಲಿಲ್ವಾ? ವಾರ್ತೆ ಮುಗಿದ್ರೂ ಅಂತಿದ್ದ. ತಮಾಷೆಗೆ. ನಿಂಗೆ ಅದು ಮರ್ತೋಗಿದೆ."

ಮರೆತಿರಲಿಲ್ಲ. ಬೇಕಾಗಿರಲಿಲ್ಲ.

"ರೇಡಿಯೋ ಮತ್ತೆ ಹಾಡುತ್ತಾ, ಅಕ್ಕಾ? ಅವ್ವ ಮತ್ತೆ ಹಾಡಿದ್ಲು."

"ಆಗ ಹಾಡಿದ್ದು ಅವ್ವ ಇರಬಹುದು. ಅಪ್ಪ ಕೂಗಿದ ಅಂತ. ಎರಡ್ನೇದು ಅವ್ವ. ಮೊದಲನೇದು ರೇಡಿಯೋ."

ಸಕ್ಕರೆ ಹಾಕುತ್ತಾ ಎಷ್ಟು ಸಲೀಸಾಗಿ ಹೇಳಿದಳು. ಅವಳ ಲೆಕ್ಕದಲ್ಲಿ ಎಲ್ಲ ಹೊಂದುತ್ತದೆ, ರೇಡಿಯೋ ಹಾಡುವ ಮಧ್ಯಾಹ್ನ, ಮಲಗಿದ್ದ ಅಪ್ಪ, ಎಲ್ಲ. ಹೊಂದದೆ ಉಳಿಯುವುದು ಹಂಡೆಯೊಳಗಿಂದ ಬಂದಂಥ ಆ ಕೆಳದನಿ. ಹಳೆಯ ರೇಡಿಯೋಗಳೂ ಹಾಗೇ ಕೇಳುತ್ತಿದ್ದವು.

ಅವ್ವನನ್ನೇ ಕೇಳಬಹುದಾಗಿತ್ತು ಅನ್ನುತ್ತೀರಿ. ಕೇಳಿದೆ. ಅಪ್ಪ ಹೋದ ಮೇಲೆ ಅವ್ವ ಯಾರ ಕಂಠದಲ್ಲೂ ಹಾಡಿರಲಿಲ್ಲ. ಅವಳ ಕೊನೆಯ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಮಲಗಿದ್ದವಳ ಪಕ್ಕದಲ್ಲಿ ಫೋನು ಆನ್ ಮಾಡಿಟ್ಟು, ಅವ್ವಾ, ಆ ತಾಯಿ ಹಾಡು ಹೇಳು ಅಂದೆ. ನೆನಪಿದೆಯಾ ಅಂತ ಕೇಳಬೇಕಾಗಲಿಲ್ಲ. ಎದ್ದು ಕೂತಳು, ಸೆರಗು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು:

"ಯಾರ ಥರ ಹೇಳ್ಲಿ?"

"ನಿನ್ನ ಥರ."

ಅವ್ವ ಗೋಡೆಯ ಕಡೆ ನೋಡುತ್ತಾ ಯೋಚಿಸಿದಳು. ತುಟಿ ಆಡಿತು. ಅದೆಷ್ಟು ಹೊತ್ತೋ. ಹುಡುಕುತ್ತಿದ್ದಾಳೆ ಅನ್ನುವುದು ಕಾಣುತ್ತಿತ್ತು, ಇಟ್ಟ ಜಾಗ ಮರೆತವರು ಹುಡುಕುವ ಹಾಗೆ, ಮೊದಲು ಗಾಬರಿಯಿಲ್ಲದೆ, ಆಮೇಲೆ ಗಾಬರಿಯಿಂದ.

"ಅದು ಬರಲ್ಲ ಕಣಮ್ಮ," ಅಂದಳು. "ಗುಣವತಿ ಥರ ಬೇಕಾದ್ರೆ ಹೇಳ್ಳಾ?"

ಬೇಡ ಅಂದೆ. ಆ ರೆಕಾರ್ಡಿಂಗ್ ಈಗಲೂ ಇದೆ. ಫ್ಯಾನಿನ ಸದ್ದು, ಪಕ್ಕದ ಮನೆಯ ಕುಕ್ಕರ್ ಕೂಗು, ನನ್ನ ಪ್ರಶ್ನೆ, ಅವಳ ಪ್ರಶ್ನೆ. ಅದು ಬರಲ್ಲ ಅನ್ನುವ ಸ್ವಲ್ಪ ಮುಂಚೆ ಒಂದು ಉಸಿರು ಕೇಳಿಸುತ್ತದೆ, ಒಳಕ್ಕೆ ಎಳೆದುಕೊಂಡದ್ದು, ಉದ್ದವಾದದ್ದು. ಹಾಡಲು ತೆಗೆದುಕೊಂಡ ಉಸಿರೋ, ಸುಸ್ತಾದವಳ ಉಸಿರೋ. ಎಷ್ಟು ಸಲ ಹಾಕಿ ಕೇಳಿದರೂ ಅದು ಅಷ್ಟೇ ಇದೆ, ಮುಂದಕ್ಕೆ ಹೋಗುವುದಿಲ್ಲ.

ಅಟ್ಟದ ಏಣಿಯ ಮೇಲೆ ನಾನು ಕೇಳಿದ್ದು ಯಾರನ್ನು ಅಂತ ನನಗೆ ಗೊತ್ತಿಲ್ಲ. ಅಪ್ಪ ಯಾರನ್ನು ಇನ್ನೊಮ್ಮೆ ಕರೆದ ಅಂತಲೂ ಗೊತ್ತಿಲ್ಲ. ನನ್ನ ಅವ್ವನ ಕಂಠ ಹೇಗಿತ್ತು, ನನಗೆ ಗೊತ್ತಿಲ್ಲ.